ನೆಲ ಇನ್ನೂ ಕೆಳಗಿತ್ತು

ಫೆಬ್ರವರಿ 3, ಮಂಗಳವಾರ

ಆ ದರಿದ್ರ ವಿಮಾನ ಮಾರಾಟಕ್ಕಿದೆಯಂತೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಫ್ಲೈಯಿಂಗ್ ಕ್ಲಬ್ಬಿನ ಕಾರ್ಯದರ್ಶಿ ಹೇಳಿ ಹೋದ. ನನಗೆ ತಿಳಿಸಬೇಕೆಂದು ಹೇಳಿದ್ದಲ್ಲ, ಬಾಯಿ ತಪ್ಪಿ ಬಂತು. ಕ್ಲಬ್ಬಿಗೆ ಹೊಸ ವಿಮಾನ ಬರುತ್ತದೆ, ಹಳೆಯದಕ್ಕೆ ಜಾಗವಿಲ್ಲ, ಇಳಿಯುವಾಗ ಪೆಟ್ಟು ತಿಂದದ್ದು ಎಂದು ಯಾರೂ ಅದರ ಕಡೆ ತಿರುಗಿ ನೋಡುತ್ತಿಲ್ಲ ಎಂದ. ಅಂದ ಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ನನ್ನ ತುಟಿಯ ನಡುವೆ ಗುಂಡುಪಿನ್ನುಗಳಿದ್ದವು, ಇಲ್ಲದಿದ್ದರೆ ಏನು ಬೈದುಬಿಡುತ್ತಿದ್ದೆನೋ.

ಪೆಟ್ಟು ಕೊಟ್ಟವಳು ನನ್ನ ಹೆಂಡತಿ ಎಂದು ಊರಿಗೆಲ್ಲ ಗೊತ್ತು. ಮೂವತ್ತು ವರ್ಷ ಪ್ರಯಾಣಿಕರ ದೊಡ್ಡ ವಿಮಾನಗಳನ್ನು ಒಂದು ಗೀರೂ ಬೀಳದಂತೆ ಇಳಿಸಿದವಳು, ನಿವೃತ್ತಿಯಾದ ಮೇಲೆ ಕ್ಲಬ್ಬಿನ ಪುಟ್ಟ ವಿಮಾನವನ್ನು ನೆಲಕ್ಕೆ ಕುಕ್ಕಿದಳು. ಮೂತಿಯ ಕೆಳಗಿನ ಚಕ್ರ ಮುರಿಯಿತು, ಪ್ರೊಪೆಲ್ಲರ್ ಮಣ್ಣು ಕಚ್ಚಿತು. ಅವಳಿಗೆ ಏನೂ ಆಗಲಿಲ್ಲ. ಆಗಲಿಲ್ಲ ಎಂದೇ ಆಗ ಎಲ್ಲರೂ ಅಂದುಕೊಂಡೆವು. ಕ್ಲಬ್ಬಿನವರು ‘ಪೈಲಟ್ ತಪ್ಪು’ ಎಂದು ವರದಿ ಬರೆದು ಕೈ ತೊಳೆದುಕೊಂಡರು. ಇಷ್ಟು ವರ್ಷ ಬಸ್ಸು ಓಡಿಸಿ ಕೊನೆಗೆ ಸೈಕಲ್ಲಿಂದ ಬಿದ್ದರಲ್ಲ ಎಂದು ಯಾರೋ ನಕ್ಕದ್ದು ನನ್ನ ಅಂಗಡಿಯವರೆಗೂ ಬಂತು. ಅಂದಿನಿಂದ ಅವಳ ಮಾತು ಕಡಿಮೆಯಾಯಿತು. ಕೆಲವೇ ತಿಂಗಳಲ್ಲಿ, ಒಂದು ಮಧ್ಯಾಹ್ನ, ನಾನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತವಳು ಕೂತಂತೆಯೇ ಹೋಗಿಬಿಟ್ಟಳು.

ಹೃದಯ ಅಂದರು ಡಾಕ್ಟರು. ನಾನು ವಿಮಾನ ಅನ್ನುತ್ತೇನೆ.

ಫೆಬ್ರವರಿ 5, ಗುರುವಾರ

ಮೊನ್ನೆಯಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಅವಳಿದ್ದಾಗಲೇ ಕ್ಲಬ್ಬಿಗೆ ಹೋಗಿ, ಸ್ವಾಮಿ, ಬಿಚ್ಚಿ ನೋಡಿ, ಅದರಲ್ಲೇ ಏನೋ ಕೆಟ್ಟಿರಬೇಕು ಎಂದು ಕೇಳಿಕೊಂಡಿದ್ದೆ. “ಹೊರಗಿನವರಿಗೆಲ್ಲ ಬಿಚ್ಚಿ ತೋರಿಸೋಕಾಗಲ್ಲ, ಬೇಜಾರು ಮಾಡ್ಕೋಬೇಡಿ” ಎಂದು ಟೀ ಕುಡಿಸಿ ಸಾಗಹಾಕಿದ್ದರು. ಈಗ ಹಾಗಲ್ಲ. ಕೊಳ್ಳಲು ಬಂದವನು ತನ್ನದೇ ಮೆಕ್ಯಾನಿಕ್‌ನನ್ನು ಕರೆತಂದು ಮೂತಿಯಿಂದ ಬಾಲದವರೆಗೆ ಪರೀಕ್ಷೆ ಮಾಡಿಸಬಹುದು.

ನಾನು ಕೊಳ್ಳುವವನು. ಕೊಳ್ಳುವುದಿಲ್ಲ, ಆ ಮಾತು ಬೇರೆ. ಥಾನುಗಟ್ಟಲೆ ಬಟ್ಟೆ ಬಿಚ್ಚಿಸಿ ನೋಡಿ, ಮನೆಯಲ್ಲಿ ಕೇಳ್ಕೊಂಡು ಬರ್ತೀನಿ ಎಂದು ಎದ್ದು ಹೋಗುವ ಗಿರಾಕಿಗಳನ್ನು ಜೀವಮಾನವಿಡೀ ನೋಡಿದ್ದೇನೆ. ಒಂದು ಸಲ ನಾನೂ ಅಂಥವನಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ವಿಮಾನದ ತಪ್ಪು ಸಿಕ್ಕ ದಿನ ಕ್ಲಬ್ಬಿನವರ ಮುಂದೆ ಹಿಡಿದು, ಅವಳ ಹೆಸರಿನ ಮುಂದೆ ಬರೆದದ್ದನ್ನು ಹೊಡೆದು ಹಾಕಿ ಎನ್ನುತ್ತೇನೆ. ನನಗೆ ಬೇಕಾದದ್ದು ಅಷ್ಟೇ.

ಮಗಳಿಗೆ ಫೋನ್ ಮಾಡಿದೆ.

“ಅಪ್ಪಾ, ನೀವು ಲಿಫ್ಟ್ ಹತ್ತೋಕೂ ಹೆದರ್ತೀರ. ವಿಮಾನ ತಗೋತೀರಾ?”

“ತಗೊಳ್ಳಲ್ಲ ಕಣೆ. ನೋಡ್ತೀನಿ ಅಷ್ಟೆ.”

“ನೋಡಿ ಏನು ಸಿಗುತ್ತೆ?”

“ಅದರ ತಪ್ಪು ಸಿಗುತ್ತೆ.”

ಊಟ ಆಯ್ತಾ ಎಂದಳು. ಆಯ್ತು ಎಂದೆ. ಆಗಿರಲಿಲ್ಲ.

ಲಿಫ್ಟಿನ ವಿಷಯ ನಿಜ. ನನ್ನ ಹೆಂಡತಿ ಹಾರಿಸಿದ ವಿಮಾನದಲ್ಲಿ ನಾನು ಒಮ್ಮೆಯೂ ಕೂತಿಲ್ಲ. ಅವಳ ಮೊದಲ ಯೂನಿಫಾರ್ಮ್ ಹೊಲಿದವನು ನಾನು. ನಮ್ಮ ಪರಿಚಯವಾದದ್ದೇ ಹಾಗೆ. ತೋಳಿನ ಮೇಲೆ ಒಂದೊಂದೇ ಪಟ್ಟಿ ಏರಿಸುತ್ತಾ ಬಂದವನೂ ನಾನೇ. ಆದರೆ ಬನ್ನಿ ಒಂದು ಸಲ ಎಂದರೆ ಕಾಲು ನೆಲ ಬಿಡುತ್ತಿರಲಿಲ್ಲ. “ನಮ್ದೇ ಒಂದು ಪುಟ್ಟ ವಿಮಾನ ಆಗ್ಲಿ, ಆವಾಗ ಹತ್ತುತೀನಿ” ಎಂದು ಜಾರಿಕೊಳ್ಳುತ್ತಿದ್ದೆ. “ನೋಡ್ರೀ, ಮಾತು ಕೊಟ್ಟಿದ್ದೀರ” ಎನ್ನುತ್ತಿದ್ದಳು.

ಮಂಜಿನಲ್ಲಿ, ಗಾಳಿಯಲ್ಲಿ ನೂರಾರು ಜನರನ್ನು ಇಳಿಸುವವಳಿಗೆ ಕಾರನ್ನು ಹಿಂದಕ್ಕೆ ತೆಗೆದು ಶೆಡ್ಡಿಗೆ ಹಾಕಲು ಬರುತ್ತಿರಲಿಲ್ಲ. ನಾನು ಹಿಂದೆ ನಿಂತು ಕೈಯಾಡಿಸುತ್ತಾ, ಬರ್ಲಿ, ಬರ್ಲಿ, ಇನ್ನೂ ಇದೆ, ಇನ್ನೂ ಇದೆ, ಹಾಂ, ಸಾಕು ಅನ್ನಬೇಕು. ನಿಂಗೆ ಕ್ಯಾಪ್ಟನ್ ಪಟ್ಟ ಕೊಟ್ಟ ಮಹಾಶಯ ಯಾರಮ್ಮಾ ಎಂದು ಹಂಗಿಸುತ್ತಿದ್ದೆ. “ನೀವು ಹೇಳ್ದೇ ಇದ್ರೆ ಗೋಡೆ ಎಲ್ಲಿದೆ ಅಂತ ಹೇಗ್ರೀ ಗೊತ್ತಾಗ್ಬೇಕು?” ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ನಗುತ್ತಿದ್ದಳು. ಕಾರು ಈಗ ಬೀದಿಯಲ್ಲೇ ನಿಂತಿದೆ. ನನಗೆ ಓಡಿಸಲು ಬರುವುದಿಲ್ಲ.

ಫೆಬ್ರವರಿ 8, ಭಾನುವಾರ

ನೋಡಿದೆ.

ಹ್ಯಾಂಗರಿನ ಹಿಂದಿನ ಮೂಲೆಯಲ್ಲಿ ಟಾರ್ಪಾಲಿನ್ ಹೊದ್ದು ನಿಂತಿದೆ. ಮೇಲೆಲ್ಲ ಗುಬ್ಬಿಯ ಹಿಕ್ಕೆ, ಒಂದು ಚಕ್ರದಲ್ಲಿ ಗಾಳಿಯಿಲ್ಲ. ಏನೋ ದೊಡ್ಡ ರಾಕ್ಷಸನನ್ನು ನೋಡುತ್ತೇನೆಂದು ಹಲ್ಲು ಕಚ್ಚಿಕೊಂಡು ಹೋಗಿದ್ದೆ, ಇದು ನೋಡಿದರೆ ನನ್ನ ಅಂಗಡಿಯಷ್ಟೂ ಇಲ್ಲ. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡವಳನ್ನು ಮುರಿಯುವುದು ಹೇಗೆ ಸಾಧ್ಯವಾಯಿತೋ. ರೆಕ್ಕೆಯ ಕೆಳಗೆ ತಲೆ ಎತ್ತಿ ನಿಂತಾಗ ಹಣೆಗೆ ಬಡಿಯಿತು. ಇದೊಂದು ಬಾಕಿ ಇತ್ತು.

ಮೂತಿಯ ಬಳಿ ಬಣ್ಣ ಹೊಸದು. ಒಂದೇ ಬಿಳಿ ಎಂದು ಅವರು ಹೇಳುತ್ತಾರೆ, ಆದರೆ ಬೇರೆ ಥಾನಿನ ಬಟ್ಟೆಯಿಂದ ತೇಪೆ ಹಾಕಿದರೆ ನನ್ನ ಕಣ್ಣಿಗೆ ತಿಳಿಯದೇ ಇರುತ್ತದೆಯೇ? ಅಲ್ಲೇ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ.

ಮೆಕ್ಯಾನಿಕ್ ಗೊತ್ತುಮಾಡಿಕೊಂಡಿದ್ದೇನೆ. ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನಗಳನ್ನು ರಿಪೇರಿ ಮಾಡುವವನು, ಕ್ಲಬ್ಬಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಮೀಸೆಯ ಮೇಲೆ ಎರಡು ನಿಂಬೆಹಣ್ಣು ನಿಲ್ಲುತ್ತವೆ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುವುದು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ನನ್ನ ಸರ್ವೀಸಲ್ಲಿ ಇದೇ ಮೊದ್ಲು ಟೈಲರ್ ಸಾಹೇಬ್ರೆ,” ಎಂದ. “ಕೊಳ್ಳೋರೆಲ್ಲ ಏನೂ ಕೆಟ್ಟಿರದಿದ್ರೆ ಸಾಕಪ್ಪಾ ಅಂತಾರೆ. ನೀವು ಏನಾದ್ರೂ ಕೆಟ್ಟಿರ್ಲಿ ಅಂತ ಹರಕೆ ಹೊರ್ತಾ ಇದ್ದೀರಲ್ಲ.”

“ಇದ್ರೆ ತಾನೇ ಸಿಗೋದು. ಹುಡುಕಿ.”

ಹೊರಗೆ ಬರುವಾಗ ಇನ್‌ಸ್ಟ್ರಕ್ಟರ್ ಎದುರಾದ. ಅಂದು ವಿಮಾನದಲ್ಲಿ ಅವಳ ಪಕ್ಕದಲ್ಲೇ ಕೂತಿದ್ದವನು ಇವನು. ಕ್ಲಬ್ಬಿನ ವಿಮಾನ ಯಾರಿಗೇ ಕೊಡುವ ಮೊದಲು ಇವನ ಜೊತೆ ಒಂದು ಸುತ್ತು ಹಾರಿ ತೋರಿಸಬೇಕಂತೆ, ಕ್ಯಾಪ್ಟನ್ ಆದರೂ ಸರಿ. ಪಕ್ಕದಲ್ಲಿ ಕೈ ಕಟ್ಟಿ ಕೂತಿದ್ದವನು, ಆಮೇಲೆ ವರದಿಗೆ ಸಹಿ ಹಾಕಲು ಮಾತ್ರ ಕೈ ಬಿಚ್ಚಿದ. “ಸರ್, ನಮಸ್ಕಾರ” ಎಂದ. ನಾನು ಚಪ್ಪಲಿಯ ಮಣ್ಣು ಝಾಡಿಸುತ್ತಾ ಅವನನ್ನು ದಾಟಿ ಬಂದೆ.

ಫೆಬ್ರವರಿ 14, ಶನಿವಾರ

ಇಂದು ಒಂದು ಎಡವಟ್ಟು. ನಮ್ಮ ಹಳೇ ಗಿರಾಕಿ ಪೋಸ್ಟ್‌ಮಾಸ್ಟರರಿಗೆ ಪ್ಯಾಂಟು ಹೊಲಿದಿದ್ದೆ. ಹಾಕಿಕೊಂಡು ನೋಡಿದರು, ಸೊಂಟದಲ್ಲಿ ನಿಲ್ಲಲೇ ಇಲ್ಲ. ಒಂದು ಕೈಯಲ್ಲಿ ಹಿಡಿದುಕೊಂಡೇ ಪರದೆಯ ಹಿಂದಿನಿಂದ ಹೊರಗೆ ಬಂದರು.

“ಏನಪ್ಪಾ ಇದು, ನನ್ನ ಜೊತೆ ಇನ್ನೊಬ್ರು ಬಂದು ಸೇರ್ಕೋಬೇಕಾ ಇದ್ರೊಳಗೆ?”

ಕಾಯಿಲೆ ಬಿದ್ದು ಎದ್ದಿದ್ದಾರೆ, ಅರ್ಧ ಇಳಿದುಹೋಗಿದ್ದಾರೆ. ಬಟ್ಟೆ ಕೊಡಲು ಬಂದಾಗ ನನ್ನ ಎದುರಿಗೇ ನಿಂತಿದ್ದರು, ಆರೋಗ್ಯ ಹೇಗಿದೆ ಎಂದು ನಾನೇ ಕೇಳಿದ್ದೆ. ಆದರೂ ಟೇಪು ಹಿಡಿಯಲಿಲ್ಲ. ಇವರ ಅಳತೆ ಕೈಗೆ ಗೊತ್ತು, ಕೈ ತನ್ನಷ್ಟಕ್ಕೆ ಹಳೇ ಅಳತೆಗೆ ಕತ್ತರಿಸಿಬಿಟ್ಟಿದೆ. ಕತ್ತರಿ ಓಡುವಾಗ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಕಣ್ಣೆದುರಿಗಿದ್ದ ಮನುಷ್ಯನನ್ನು ಬಿಟ್ಟು ನೆನಪಿನಲ್ಲಿದ್ದ ಮನುಷ್ಯನಿಗೆ ಹೊಲಿದ ಹಾಗಾಯಿತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಬಿಡಪ್ಪಾ, ನಿಂದೂ ಮನಸ್ಸು ಸರಿ ಇಲ್ಲ” ಎಂದರು. ಅದಕ್ಕೆ ಇನ್ನೂ ಬೇಜಾರಾಯಿತು. ಮನಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ನಾಳೆ ಪರೀಕ್ಷೆ, ಅದೇ ಗುಂಗಿನಲ್ಲಿದ್ದೆ, ಅಷ್ಟೇ.

ಫೆಬ್ರವರಿ 15, ಭಾನುವಾರ

ಬೆಳಗ್ಗೆಯಿಂದ ಸಂಜೆಯವರೆಗೆ ಮೀಸೆ ಅದನ್ನು ಬಿಚ್ಚಿದ. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಬಾಲದ ಹತ್ತಿರ ರಿವೆಟ್‌ಗಳ ಸಾಲೊಂದು ಸೊಟ್ಟಗಿರುವುದು ಕಾಣಿಸಿತು. ಸ್ಟೂಲಿನಿಂದ ಎದ್ದೆ.

“ಇಲ್ನೋಡಿ, ಇಲ್ನೋಡಿ! ಇದನ್ನ ಬಿಚ್ಚಿ ಮತ್ತೆ ಹೊಲ್ದಿದ್ದಾರೆ!”

ಮೀಸೆ ಬಗ್ಗಿ ನೋಡಿದ. “ಅದು ಕಾರ್ಖಾನೆಯಿಂದ ಬರುವಾಗ್ಲೇ ಹಾಗೆ, ಸಾಹೇಬ್ರೆ. ಎಲ್ಲ ವಿಮಾನಕ್ಕೂ ಅಲ್ಲಿ ಹಾಗೇ ಇರುತ್ತೆ.”

ಎಂಜಿನ್ ಹಿಂದಿನ ತಗಡಿನ ಗೋಡೆ ಹೊಸದು, ಚೆನ್ನಾಗಿ ಕೂಡಿಸಿದ್ದಾರೆ. ಮೂತಿಯ ಚಕ್ರ ಹೊಸದು. ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿಯನ್ನು ಎಳೆಯುವ ತಂತಿಗಳು ಹಳೆಯವೇ, ಒಂದು ಎಳೆಯೂ ಹರಿದಿಲ್ಲ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಒಂದೊಂದಕ್ಕೂ ಮೀಸೆ “ಸರಿ ಇದೆ” ಎಂದಾಗ ನನಗೆ ಕೆನ್ನೆಗೆ ಹೊಡೆದ ಹಾಗೆ. ವೇಗ ತೋರಿಸುವ ಮುಳ್ಳಿನ ಮೇಲೆ ಬಹಳ ಆಸೆ ಇಟ್ಟಿದ್ದೆ. ಅದು ಸುಳ್ಳು ಹೇಳಿದ್ದರೆ ಅವಳದೇನು ತಪ್ಪು? ನಳಿಗೆ ಸಿಕ್ಕಿಸಿ ಗಾಳಿ ಕೊಟ್ಟು ತನ್ನ ಉಪಕರಣದ ಜೊತೆ ಹೋಲಿಸಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೊನೆಗೆ ಉಳಿದದ್ದು ಒಂದೇ. ವಿಮಾನದ ವೇಗ ತೀರಾ ಕಡಿಮೆಯಾಗಿ ಇನ್ನೇನು ಬೀಳುತ್ತದೆ ಎನ್ನುವಾಗ ಎಚ್ಚರಿಸುವ ಕೊಂಬು. ರೆಕ್ಕೆಯ ಅಂಚಿನಲ್ಲಿ ಒಂದು ಸಣ್ಣ ತೂತು, ಅದರಿಂದ ಗಾಳಿ ಹೊರಕ್ಕೆ ಎಳೆದಾಗ ಒಳಗೆ ಕೂಗುತ್ತದೆ. ಅದು ಅಂದು ಕೂಗಿರದಿದ್ದರೆ ಅವಳಿಗೆ ಗೊತ್ತಾಗುವುದು ಹೇಗೆ?

“ಕರ್ಚೀಫ್ ಇದ್ಯಾ?” ಎಂದ ಮೀಸೆ. ಕೊಟ್ಟೆ. ಅದನ್ನು ತೂತಿನ ಮೇಲೆ ಹಿಡಿದು, ಬಾಯಿ ಇಟ್ಟು, ಉಸಿರು ಎಳೆದ.

ಕೂಗಿತು.

ನಾನು ನಂಬಲಿಲ್ಲ. ಅವನನ್ನು ಸರಿಸಿ ನಾನೇ ಬಾಯಿ ಇಟ್ಟು ಎಳೆದೆ. ಸಣ್ಣಗೆ, ಮೂಗಿನಲ್ಲಿ ಅತ್ತ ಹಾಗೆ ಕೂಗಿತು. ಇನ್ನೊಮ್ಮೆ ಎಳೆದೆ, ಇನ್ನೊಮ್ಮೆ ಕೂಗಿತು. ಎಷ್ಟು ಸಲ ಎಳೆದೆನೋ. ಇದೇ ದನಿಯನ್ನು ಅವಳು ಕೇಳಿದ್ದಾಳೆ. ಕೇಳಿಯೂ ಬಿದ್ದಿದ್ದಾಳೆ. ಮೀಸೆ ಬಂದು ಮೆಲ್ಲಗೆ ಭುಜ ಹಿಡಿದು, “ಸಾಕು ಬನ್ನಿ ಯಜಮಾನ್ರೆ” ಎಂದ.

ಒಳ್ಳೆಯ ವಿಮಾನವಂತೆ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಬಹುದಂತೆ.

ಫೆಬ್ರವರಿ 17, ಮಂಗಳವಾರ

ಅವಳದೇ ತಪ್ಪು.

ಫೆಬ್ರವರಿ 22, ಭಾನುವಾರ

ಇನ್‌ಸ್ಟ್ರಕ್ಟರ್ ಅಂಗಡಿಗೆ ಬಂದಿದ್ದ. ಭಾನುವಾರ ಅರ್ಧ ಬಾಗಿಲು ಹಾಕಿ ಪೋಸ್ಟ್‌ಮಾಸ್ಟರರ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದೆ. ಬಗ್ಗಿ ಒಳಗೆ ಬಂದ. ಕೊಂಬಿನ ಸುದ್ದಿ ಮೀಸೆ ಹೇಳಿರಬೇಕು.

“ಸರ್, ಒಂದು ಮಾತು. ಕೇಳಿಸ್ಕೊಂಡು ಆಮೇಲೆ ಬೇಕಾದ್ರೆ ಆಚೆ ಹಾಕಿ.”

ಕೂತ್ಕೋ ಅನ್ನಲಿಲ್ಲ. ಅವನೂ ಅವಳ ಕುರ್ಚಿಯ ಹತ್ತಿರ ಹೋಗಲಿಲ್ಲ, ಅಷ್ಟು ಬುದ್ಧಿ ಇದೆ. ನಿಂತೇ ಹೇಳಿದ. ದೊಡ್ಡ ವಿಮಾನದ ಚಕ್ರ ನೆಲ ಮುಟ್ಟುವಾಗ ಅದನ್ನು ನಡೆಸುವವರು ಮೂರನೇ ಮಹಡಿಯ ಕಿಟಕಿಯಲ್ಲಿ ಕೂತಷ್ಟು ಎತ್ತರದಲ್ಲಿ ಇರುತ್ತಾರಂತೆ. ಇಳಿಯುವಾಗ ಇನ್ನೆಷ್ಟು ಎತ್ತರ ಉಳಿದಿದೆ ಎಂದು ಒಂದು ದನಿ ಒಳಗೇ ಕೂಗಿ ಹೇಳುತ್ತಿರುತ್ತದಂತೆ. ಈ ಪುಟ್ಟದರಲ್ಲಿ ಯಾರೂ ಹೇಳುವುದಿಲ್ಲ. ಕೂತ ಜಾಗದಿಂದ ಕೈ ಚಾಚಿದರೆ ನೆಲ ಸಿಗಬೇಕು, ಅಷ್ಟು ಕೆಳಗೆ ಇಳಿದ ಮೇಲೆ ಮೂತಿ ಎತ್ತಿ ವೇಗ ಸಾಯಿಸಬೇಕು.

“ಮೇಡಂ ತಮ್ಮ ಹಳೇ ಎತ್ತರದಲ್ಲೇ ಮೂತಿ ಎತ್ತಿಬಿಟ್ರು ಸರ್. ಅಷ್ಟು ನಾಜೂಕಾಗಿ ಎತ್ತಿದ್ದನ್ನ ನಾನು ನೋಡೇ ಇಲ್ಲ. ಕೊಂಬು ಕೂಗ್ತು. ಚೆನ್ನಾಗಿ ಇಳಿದಾಗಲೂ ಚಕ್ರ ತಾಗೋ ಮುಂಚೆ ಅದು ಕೂಗುತ್ತೆ, ಹಾಗಾಗಿ ಈಗ ತಾಗುತ್ತೆ ಅಂತ ಕಾದ್ರು. ನೆಲ ಇನ್ನೂ ಕೆಳಗಿತ್ತು.”

“ನೀವು ಪಕ್ಕದಲ್ಲಿ ಏನು ಕಡ್ಲೆಕಾಯಿ ತಿಂತಾ ಇದ್ರಾ? ಕಸ್ಕೋಬೇಕಿತ್ತು!”

ಕೂಗಿಬಿಟ್ಟೆ.

“ಮೇಡಂ ಕೈಯಿಂದ ನಾನಾ, ಸರ್? ಅವರು ಕ್ಯಾಪ್ಟನ್ ಆದಾಗ ನಾನು ಚಡ್ಡಿ ಹಾಕ್ತಿದ್ದೆ. ಎತ್ತರ ಜಾಸ್ತಿ ಆಯ್ತು ಅಂತ ನಂಗೆ ಗೊತ್ತಾಯ್ತು. ಆದ್ರೆ ಅವರಿಗೆ ನಂಗೆ ಗೊತ್ತಿಲ್ದೇ ಇರೋದೇನೋ ಗೊತ್ತಿರುತ್ತೆ ಅಂದ್ಕೊಂಡೆ. ಬಾಯಿ ಬಿಡೋಷ್ಟರಲ್ಲಿ ಬಿದ್ದಾಗಿತ್ತು. ವರದಿಯಲ್ಲಿ ನನ್ನ ತಪ್ಪು ಅಂತಾನೂ ಬರೀತೀನಿ ಅಂದೆ, ಮೇಡಂ ಬಿಡ್ಲಿಲ್ಲ. ‘ನಿಂಗೆ ಮುಂದೆ ಇನ್ನೂ ಹಾರೋದಿದೆ, ನಂದು ಆಯ್ತಲ್ಲ’ ಅಂದ್ರು.”

ಮೇಜಿನ ಮೇಲೆ ಬಿಚ್ಚಿ ಹರಡಿದ್ದ ಪ್ಯಾಂಟನ್ನೇ ನೋಡುತ್ತಾ ಕೂತೆ. ಹಳೇ ಅಳತೆ. ಕೈ ತನ್ನಷ್ಟಕ್ಕೆ ಮಾಡಿದ್ದು. ನನಗೆ ಅರ್ಥವಾಗಲಿಲ್ಲ ಎನ್ನಲು ದಾರಿಯೇ ಇರಲಿಲ್ಲ.

ಅವನು ಹೊರಟ. ಬಾಗಿಲಲ್ಲಿ ಮತ್ತೆ ನಿಂತ.

“ನಿಮ್ಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ. ಮೀಸೆ ಹೇಳಿದ ಮೇಲೆ ಗೊತ್ತಿಲ್ವೇನೋ ಅನ್ನಿಸ್ತು. ಅವತ್ತು ಮೇಡಂ ಹಾರಿ ತೋರಿಸೋಕೆ ಬಂದಿದ್ದು ನಿಮ್ಗೋಸ್ಕರ ಸರ್. ಮುಂದಿನ ಭಾನುವಾರಕ್ಕೆ ಅದೇ ವಿಮಾನ ಹೇಳಿಟ್ಟಿದ್ರು. ‘ನಮ್ಮನೆಯವರನ್ನ ಮೇಲೆ ಕರ್ಕೊಂಡು ಹೋಗ್ತೀನಿ, ಅವರಿಗೆ ಹಿಡಿಸಿದ್ರೆ ಇದನ್ನೇ ಕೊಂಡ್ಕೋತೀವಿ, ಈಗ್ಲೇ ಹೇಳಿದ್ರೆ ಕಾಲು ಕೀಳ್ತಾರೆ’ ಅಂತ ಇಡೀ ಸುತ್ತು ನಗ್ತಾನೇ ಇದ್ರು. ಬಿದ್ದ ಮೇಲೂ ಇಳಿದು ಆ ಮೂತಿ ನೋಡಿ ನಕ್ರು. ‘ನಾನು ಸರಿಯಾಗೇ ಇಳಿಸ್ದೆ ಕಣಪ್ಪಾ, ನೆಲಾನೇ ಇರ್ಲಿಲ್ಲ’ ಅಂದ್ರು. ಆಮೇಲೆ ಹುಲ್ಲಿನ ಮೇಲೆ ಕೂತ್ರು. ‘ಇನ್ನು ಅವರು ಹತ್ತೋದಿಲ್ಲ’ ಅಂದ್ರು.”

ಫೆಬ್ರವರಿ 23, ಸೋಮವಾರ

ಅಂಗಡಿ ತೆರೆಯಲಿಲ್ಲ.

ಅವಳು ಮಾತು ಬಿಟ್ಟದ್ದು ನಾಚಿಕೆಯಿಂದ ಎಂದುಕೊಂಡಿದ್ದೆ. ಊರಿನವರ ನಗು ಎಂದುಕೊಂಡಿದ್ದೆ. ಆ ತಿಂಗಳುಗಳಲ್ಲಿ ಮೇಜಿನ ಪಕ್ಕ ಕೂತು ನಾನು ಹೊಲಿಯುವುದನ್ನು ನೋಡುತ್ತಿದ್ದಳಲ್ಲ, ಯಾರು ಏನಂದ್ರೂ ತಲೆ ಕೆಡಿಸ್ಕೋಬೇಡ ಎಂದು ದಿನಾ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು. ಒಂದು ಸಲ ಮಾತ್ರ, ನಾನು ಸೂಜಿಗೆ ದಾರ ಪೋಣಿಸುವಾಗ, “ಮೇಲಿಂದ ನಮ್ಮನೆ ಚಾವಣಿ ಹೇಗೆ ಕಾಣುತ್ತೆ ಗೊತ್ತೇನ್ರೀ?” ಎಂದಳು. ನಂಗ್ಯಾಕಮ್ಮಾ ಅದೆಲ್ಲ ಎಂದು ದಾರ ಪೋಣಿಸಿದೆ.

ಅಯ್ಯೋ, ನನ್ನ ಬಂಗಾರ.

ಮಾರ್ಚ್ 4, ಬುಧವಾರ

ಮೀಸೆಯ ಫೋನ್. ವಿಮಾನಕ್ಕೆ ಗಿರಾಕಿ ಸಿಕ್ಕಿದ್ದಾನಂತೆ. ಹಾರಿಸಲಿಕ್ಕಲ್ಲ, ರೆಕ್ಕೆ ಕತ್ತರಿಸಿ, ಎಂಜಿನ್ ಇಳಿಸಿ, ಬಿಡಿಭಾಗವಾಗಿ ಮಾರಲಿಕ್ಕೆ. ಪೆಟ್ಟು ತಿಂದ ವಿಮಾನಗಳಿಗೆ ಕೊನೆಗೆ ಇದೇ ಗತಿಯಂತೆ.

“ನೀವು ಹೇಗಿದ್ರೂ ತಗೊಳ್ಳೋಲ್ಲ ಅಂದ್ರಲ್ಲ, ಸುಮ್ನೆ ತಿಳ್ಸೋಣ ಅಂತ.”

“ಯಾರ್ರೀ ಹೇಳಿದ್ದು ತಗೊಳ್ಳೋಲ್ಲ ಅಂತ?”

“ನೀವೇ ಹೇಳಿದ್ದು!”

“ನಾನು ನೂರು ಹೇಳ್ತೀನಿ. ಅದರ ಮೇಲೆ ಯಾರಾದ್ರೂ ಗರಗಸ ಇಟ್ರೆ ನಿಮ್ಮ ಮೀಸೆ ನಾನು ಕತ್ತರಿಸ್ತೀನಿ, ನೋಡ್ತಾ ಇರಿ.”

ಅಂಗಡಿ ಬಾಗಿಲು ಎಳೆದು ಕ್ಲಬ್ಬಿಗೆ ಓಡಿದೆ. ಟೇಪು ಕೊರಳಲ್ಲೇ ಇತ್ತು. ಕಾರ್ಯದರ್ಶಿ ಪೆಟ್ಟಿನ ವಿಷಯ ಮತ್ತೆ ಹೇಳಬೇಕಾಗುತ್ತದೆ, ಕೊಳ್ಳುವವರಿಗೆ ಹೇಳುವುದು ನಿಯಮ ಎಂದು ತೊದಲಿದ. ಹೇಳಿ ಎಂದೆ. ಎಲ್ಲಿ, ಯಾವಾಗ, ಹೇಗೆ ಬಿತ್ತು, ಯಾರ ಕೈಯಲ್ಲಿ ಬಿತ್ತು ಎಂದು ಓದಿದ. ಅವಳ ಹೆಸರು ಬಂದಾಗ ಹೌದು ಎಂದೆ. ಹೊಡೆದು ಹಾಕಿ ಎಂದು ಕೇಳಲು ನೆನಪಾಗಲಿಲ್ಲ.

ಸಂಜೆ ಮಗಳಿಗೆ ಫೋನ್ ಮಾಡಿ, ನಿಮ್ಮಮ್ಮನ ದುಡ್ಡಲ್ಲಿ ವಿಮಾನ ತಗೊಂಡೆ ಎಂದೆ. ಬೈಗುಳ ಬರುತ್ತದೆಂದು ಕಿವಿಯಿಂದ ಫೋನ್ ದೂರ ಹಿಡಿ‍ದಿದ್ದೆ. ಅವಳು ಅಳುತ್ತಿದ್ದಳು. “ಅಮ್ಮ ಕೂಡಿಟ್ಟಿದ್ದು ಅದಕ್ಕೇ ಅಲ್ವಾ ಅಪ್ಪಾ” ಎಂದಳು.

ಮಾರ್ಚ್ 15, ಭಾನುವಾರ

ಸೀಟಿನ ಹೊದಿಕೆ ಎಷ್ಟು ಕೆಟ್ಟದಾಗಿ ಹೊಲಿದಿದ್ದಾರೆ ಎಂದರೆ ನೋಡಲಾಗುವುದಿಲ್ಲ. ಹೊಲಿಗೆ ಅಲ್ಲಲ್ಲಿ ಬಾಯಿ ಬಿಟ್ಟಿದೆ. ಎಲ್ಲ ಬಿಚ್ಚಿ ಮನೆಗೆ ತಂದು ಹೊಸದಾಗಿ ಮಾಡಿ ಇಂದು ಹಾಕಿದೆ. ಬೇರೆ ಏನೂ ಇಲ್ಲ, ಕೆಟ್ಟ ಹೊಲಿಗೆ ನನ್ನಿಂದ ಸಹಿಸಲಾಗದು ಅಷ್ಟೇ. ಈ ಸಲ ಪ್ರತಿಯೊಂದಕ್ಕೂ ಟೇಪು ಹಿಡಿದು ಅಳತೆ ತೆಗೆದುಕೊಂಡೆ. ಎಡಗಡೆಯ ಸೀಟಿಗೆ ಅವಳ ಯೂನಿಫಾರ್ಮಿನ ನೀಲಿ ಬಟ್ಟೆ ಉಳಿದಿತ್ತು, ಅದನ್ನೇ ಅಂಚಿಗೆ ಕೊಟ್ಟೆ.

ಕ್ಲಬ್ಬಿನವನೊಬ್ಬ ಮಾತಾಡುತ್ತಾ ರೆಕ್ಕೆಗೆ ಆನಿಸಿದ್ದ ಆಸರೆ ಕಂಬಕ್ಕೆ ಒರಗಿ ನಿಂತ. “ಏಯ್, ಬೆಲ್ಟಿನ ಬಕಲ್ ತಾಗುತ್ತೆ, ದೂರ ನಿಂತ್ಕೊಳ್ಳಪ್ಪಾ” ಎಂದು ಗದರಿದೆ. ಮೀಸೆ ಎಂಜಿನ್ ಒಳಗಿಂದ ತಲೆ ಎತ್ತಿ ನೋಡಿ ಮುಸಿಮುಸಿ ನಕ್ಕ. ನಗಲಿಕ್ಕೆ ಏನಿತ್ತೋ.

ನಿಂತ ಎಂಜಿನ್ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಹಾರಿಸದಿದ್ದರೆ ಕೊಂಡು ಪ್ರಯೋಜನವಿಲ್ಲ ಎಂದು ಮೀಸೆ ಪದೇ ಪದೇ ಹೇಳುತ್ತಾನೆ. ಇನ್‌ಸ್ಟ್ರಕ್ಟರ್ ಬಂದಿದ್ದ. ನನ್ನ ಕಡೆ ನೋಡದೆ ಟೈರಿಗೆ ಗಾಳಿ ತುಂಬುತ್ತಿದ್ದ. ತೋಳಿನ ಹೊಲಿಗೆ ಬಿಚ್ಚಿದ ಅಂಗಿ ಹಾಕಿಕೊಂಡಿದ್ದ.

“ಅಂಗಿ ಬಿಚ್ಚಿ ಕೊಡು, ಎರಡು ನಿಮಿಷ ಸಾಕು,” ಎಂದೆ. “ಹಾಗೇ ಇನ್ನೊಂದು ಮಾತು. ಕಳೆದ ವರ್ಷದ ಒಂದು ಭಾನುವಾರ ನನ್ನ ಹೆಸರಲ್ಲಿ ಬಾಕಿ ಇದೆಯಲ್ಲ.”

ಅವನು ಪಂಪು ಕೆಳಗಿಟ್ಟ.

ಮಾರ್ಚ್ 29, ಭಾನುವಾರ

ಹೋಗಿ ಬಂದೆ.

ಮಗಳು ಬಂದಿದ್ದಳು. ಬೇಲಿಯ ಹತ್ತಿರ ನಿಂತು, “ಅಪ್ಪಾ, ಬೇಡ ಅನ್ನಿಸಿದ್ರೆ ಬೇಡ” ಎಂದು ಮೂರು ಸಲ ಹೇಳಿದಳು. ಬೇಡ ಎಂದೇ ಅನ್ನಿಸುತ್ತಿತ್ತು. ನೀಲಿ ಅಂಚಿನ ಸೀಟಿನಲ್ಲಿ, ಅವಳಮ್ಮನ ಜಾಗದಲ್ಲಿ, ಇನ್‌ಸ್ಟ್ರಕ್ಟರ್ ಕೂತ. ಅದರ ಪಕ್ಕದಲ್ಲಿ ನಾನು. ನನ್ನವಳು ನನಗೆಂದು ಹೇಳಿಟ್ಟಿದ್ದ ಜಾಗ.

ನೆಲ ಬಿಟ್ಟಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. “ಸರ್, ನಿಮ್ಮನೆ” ಎಂದಾಗ ತೆರೆದೆ. ನಮ್ಮ ಬೀದಿ, ನಮ್ಮ ಚಾವಣಿ, ಶೆಡ್ಡಿನ ಹೊರಗೆ ನಿಂತ ಕಾರು. ಚಾವಣಿ ಬೆಂಕಿಪೊಟ್ಟಣದಷ್ಟಿತ್ತು. ಹಗ್ಗದ ಮೇಲೆ ನನ್ನ ಬಿಳಿ ಅಂಗಿ ಒಣಗುತ್ತಿರುವುದೂ ಕಾಣುತ್ತಿತ್ತು. ಹೀಗೆ ಕಾಣುತ್ತೆ ಕಣೆ, ನೋಡಿದೆ ಎಂದೆ. ಗಟ್ಟಿಯಾಗಿಯೇ ಅಂದೆನೋ ಏನೋ, ಇನ್‌ಸ್ಟ್ರಕ್ಟರ್ ಆ ಕಡೆಯ ಕಿಟಕಿಗೆ ಮುಖ ತಿರುಗಿಸಿದ.

ಇಳಿಯುವಾಗ ಅವಳು ಮೂತಿ ಎತ್ತಿದ ಎತ್ತರ ಬಂದಾಗ ಹೇಳು ಎಂದು ಮೊದಲೇ ಕೇಳಿಕೊಂಡಿದ್ದೆ. ರನ್‌ವೇ ಮೇಲಕ್ಕೆ ಬಂತು. ಎಂಜಿನ್ ಸದ್ದು ಇಳಿಯಿತು.

“ಇಲ್ಲಿ, ಸರ್.”

ನೋಡಿದೆ. ಎರಡೂ ಕಡೆ ಹುಲ್ಲು ಓಡುತ್ತಿತ್ತು, ದೂರದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತ ಮಗಳು. ಮೂವತ್ತು ವರ್ಷ ಮನೆಗೆ ಬಂದಾಗೆಲ್ಲ ನೆಲ ಅವಳಿಗೆ ಇಷ್ಟು ದೂರದಲ್ಲಿ ಕಾಣುತ್ತಿತ್ತು. ಇಲ್ಲಿಂದ ನನ್ನ ಹತ್ತಿರ ಬರುತ್ತಿದ್ದಳು. ಅವಳಿಗೆ ಇದೇ ನೆಲ.

ವಿಮಾನ ಇನ್ನೂ ಕೆಳಗಿಳಿಯಿತು. ಮೂತಿ ನಿಧಾನಕ್ಕೆ ಮೇಲೆದ್ದಿತು. ಕೊಂಬು ಕೂಗಲು ಶುರುವಾಯಿತು, ಅದೇ ಮೂಗಿನ ಅಳು. ನನ್ನ ಕೈ ತನ್ನಷ್ಟಕ್ಕೆ ಮೇಲೆ ಹೋಯಿತು, ಶೆಡ್ಡಿನ ಮುಂದೆ ಆಡಿಸುತ್ತಿದ್ದ ಹಾಗೆ.

“ಬರ್ಲಿ,” ಅಂದೆ. “ಬರ್ಲಿ, ಇನ್ನೂ ಇದೆ. ಇನ್ನೂ ಇದೆ. ಇನ್ನೂ ಇದೆ ಕಣೆ. ಹಾಂ, ಸಾಕು.”

ಚಕ್ರ ನೆಲ ಮುಟ್ಟಿತು.

ಹ್ಯಾಂಗರಿನ ಮುಂದೆ ಬಂದು ಎಂಜಿನ್ ನಿಲ್ಲಿಸಿದ ಮೇಲೆ ಇನ್‌ಸ್ಟ್ರಕ್ಟರ್, “ಇಳಿಯೋಣ್ವಾ ಸರ್?” ಎಂದ. ಸ್ವಲ್ಪ ಹೊತ್ತು ಇರು ಎಂದೆ. ಕೈ ಇನ್ನೂ ಮೇಲೇ ಇತ್ತು.